ಒಡೆದು ನೋಡಿದ ತುಂಡು

ನ್ಯೂಟೌನ್, ಭದ್ರಾವತಿ
೪ ನವೆಂಬರ್ ೨೦೨೪

ಶೀಲಾ,

ಕ್ಷೇಮಸಮಾಚಾರವನ್ನು ಕೊನೆಯಲ್ಲಿ ಬರೆಯುತ್ತೇನೆ, ಜಾಗ ಉಳಿದರೆ. ಮೊದಲು ವಿಷಯ.

ಜೂನ್ ತಿಂಗಳಲ್ಲಿ ನಿಮ್ಮ ಆಸ್ಪತ್ರೆಯಲ್ಲಿ ನನ್ನ ಮೂತ್ರಕೋಶ ತೆಗೆದರು. ಕ್ಯಾನ್ಸರ್ ಮಾಂಸದ ಗೋಡೆಗೆ ಇಳಿದಿದೆ, ತೆಗೆಯದೆ ಬೇರೆ ದಾರಿಯಿಲ್ಲ ಎಂದು ಹೇಳಿದವಳು ನೀನು. ಅಲ್ಲಿನ ನರ್ಸು ನೀನು, ನನ್ನ ಮಗಳೂ ನೀನು, ಹಾಗಾಗಿ ನಾನು ಎರಡನೇ ಮಾತಾಡಲಿಲ್ಲ. ನಾಲ್ಕು ಸಲ ಕೀಮೋ ತೆಗೆದುಕೊಂಡೆ, ಆಮೇಲೆ ಹೊಟ್ಟೆ ಕೊಯ್ಯಲು ಕೊಟ್ಟೆ. ಈಗ ಹೊಕ್ಕುಳಿನ ಬಲಕ್ಕೆ ಕರುಳಿನ ಒಂದು ಕೆಂಪು ಬಾಯಿ, ಅದರ ಮೇಲೆ ಮೂತ್ರ ತುಂಬುವ ಚೀಲ. ಹಗಲಿಗೆ ಐದಾರು ಸಲ ಅದನ್ನು ಬರಿದು ಮಾಡುವುದೇ ನನ್ನ ಡ್ಯೂಟಿ.

ಮೊನ್ನೆ ಪೆನ್ಷನ್ ಕಾಗದ ಹುಡುಕುವಾಗ ಆಸ್ಪತ್ರೆಯ ಫೈಲು ಕೈಗೆ ಬಂತು. ಒಳಗೆ, ತೆಗೆದ ಮೂತ್ರಕೋಶದ ಲ್ಯಾಬ್ ರಿಪೋರ್ಟ್ ಇತ್ತು. ನೀನು ಅದರ ಬಗ್ಗೆ "ಚೆನ್ನಾಗಿ ಬಂದಿದೆ ಅಪ್ಪಾ" ಎಂದಷ್ಟೇ ಹೇಳಿದ್ದೆ. ಅದನ್ನು ಜಯಪ್ಪನಿಗೆ ತೋರಿಸಿದೆ. ನಮ್ಮ ಕಾರ್ಖಾನೆಯ ಕೆಮಿಕಲ್ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು, ರಿಪೋರ್ಟ್ ಓದುವುದು ಅವನಿಗೆ ಹೊಸದಲ್ಲ. ಎರಡು ಸಲ ಓದಿ ಕನ್ನಡಕ ತೆಗೆದ. "ಕೃಷ್ಣಪ್ಪ, ಇದ್ರಲ್ಲಿ ಕ್ಯಾನ್ಸರೇ ಸಿಕ್ಕಿಲ್ಲ ಅಂತ ಬರ್ದಿದಾರಲ್ಲೋ ಮಾರಾಯ" ಎಂದ.

ನಾನು ಎರಕದ ವಿಭಾಗದಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ ಎಂಬುದು ನಿನಗೆ ಗೊತ್ತು, ಕೆಲಸ ಹೇಗಿತ್ತೆಂದು ನೀನು ಎಂದೂ ಕೇಳಿಲ್ಲ. ಎರಕ ಹೊಯ್ದ ಪ್ರತಿ ತುಂಡನ್ನೂ ಸುತ್ತಿಗೆಯಿಂದ ತಟ್ಟಿ ದನಿ ಕೇಳುತ್ತಿದ್ದೆ. ಅನುಮಾನ ಬಂದ ತುಂಡಿಗೆ ಕೆಂಪು ಬಣ್ಣ ಬಳಿದು ರಿಜೆಕ್ಟ್ ಮಾಡುತ್ತಿದ್ದೆ. ಅದನ್ನು ಎಲ್ಲರ ಎದುರಿಗೆ ಭಾರದ ಕಬ್ಬಿಣದ ಗುಂಡು ಬೀಳಿಸಿ ಒಡೆಯುತ್ತಿದ್ದರು. ಒಳಗೆ ಬಿರುಕು ಕಂಡರೆ ಸರಿ. ಕಾಣದಿದ್ದರೆ ಒಳ್ಳೆಯ ತುಂಡನ್ನು ಯಾಕೆ ಒಡೆಸಿದೆ ಎಂದು ಇನ್‌ಸ್ಪೆಕ್ಟರ್ ಬರಹದಲ್ಲಿ ಉತ್ತರ ಕೊಡಬೇಕಿತ್ತು. ಮೂವತ್ತೊಂದು ವರ್ಷದಲ್ಲಿ ನಾನು ಆ ಕಾಗದ ಬರೆದದ್ದು ಒಂದೇ ಸಲ.

ಈಗ ನನ್ನನ್ನು ಒಡೆದು ನೋಡಿದ್ದಾರೆ, ಬಿರುಕು ಸಿಕ್ಕಿಲ್ಲ. ಉತ್ತರ ಕೊಡಬೇಕಾದವರು ಯಾರು? ನನ್ನ ಪ್ರಶ್ನೆ ಮೂರು.

ಒಂದು: ಮೊದಲು ಕ್ಯಾನ್ಸರ್ ಇತ್ತೆಂಬುದಕ್ಕೆ ಆಧಾರವೇನು? ಎರಡು: ಈ ರಿಪೋರ್ಟನ್ನು ನನಗೆ ಬಿಡಿಸಿ ಹೇಳಲಿಲ್ಲ ಯಾಕೆ? ಮೂರು: ತೆಗೆಯದೆ ಇರುವ ದಾರಿ ನಿಜವಾಗಿ ಇರಲಿಲ್ಲವೇ?

ಫೋನು ಮಾಡಬೇಡ. ಭಾನುವಾರ ಬಂದು ಅಮ್ಮನ ಹಿಂದೆ ಅಡುಗೆಮನೆ ಸೇರುವುದೂ ಬೇಡ. ಶಿವಮೊಗ್ಗ ಹದಿನೆಂಟು ಕಿಲೋಮೀಟರ್, ಐದು ರೂಪಾಯಿ ಸ್ಟಾಂಪು ಸಾಕು. ಉತ್ತರ ಬರುವ ತನಕ ಡಿಸೆಂಬರಿನ ಸ್ಕ್ಯಾನಿಗೆ ನಾನು ಬರುವುದಿಲ್ಲ.

ಜಾಗ ಮುಗಿಯಿತು.

ಇಂತಿ,
ಕೃಷ್ಣಪ್ಪ, ನಿವೃತ್ತ ಇನ್‌ಸ್ಪೆಕ್ಟರ್


ಸವಳಂಗ ರಸ್ತೆ, ಶಿವಮೊಗ್ಗ
೯ ನವೆಂಬರ್ ೨೦೨೪

ಅಪ್ಪನಿಗೆ ಶೀಲಾ ಮಾಡುವ ನಮಸ್ಕಾರ.

ನಿಮ್ಮ ಕಾಗದ ನೋಡಿ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಮನೆಗೆ ಬರಬೇಡ ಎಂದು ನನಗೆ ಯಾರೂ ಈ ತನಕ ಬರೆದಿರಲಿಲ್ಲ.

ಆಧಾರ ಇದೆ ಅಪ್ಪಾ. ಕಳೆದ ಜನವರಿಯಲ್ಲಿ ಮೂತ್ರದ ದಾರಿಯಿಂದ ದುರ್ಬೀನು ಹಾಕಿ ಗಡ್ಡೆ ಕೆರೆದು ತೆಗೆದರಲ್ಲ, ಆ ಚೂರುಗಳಲ್ಲಿ ಕ್ಯಾನ್ಸರ್ ಇತ್ತು. ಗೋಡೆಯ ಮಾಂಸದೊಳಗೆ ಇಳಿದಿತ್ತು. ಆ ಗಾಜಿನ ಸ್ಲೈಡುಗಳು ಲ್ಯಾಬಿನಲ್ಲಿವೆ, ಜಯಪ್ಪ ಮಾಮ ಯಾವ ಊರಿನ ಲ್ಯಾಬಿಗೆ ಬೇಕಾದರೂ ಕಳಿಸಿ ನೋಡಲಿ. ಆಮೇಲೆ ಕೀಮೋ ಆಯಿತು. ಕೆರೆದದ್ದು ಮತ್ತು ಕೀಮೋ ಎರಡೂ ಸೇರಿ ಉಳಿದದ್ದನ್ನು ಸುಟ್ಟಿವೆ. ತೆಗೆದ ಮೂತ್ರಕೋಶದಲ್ಲಿ ಏನೂ ಸಿಗದವರು ಮುಂದೆ ಎಲ್ಲರಿಗಿಂತ ಚೆನ್ನಾಗಿರುತ್ತಾರೆ. ಆದರೆ ಏನೂ ಉಳಿದಿಲ್ಲ ಎಂದು ತೆಗೆಯುವ ಮೊದಲೇ ಖಚಿತವಾಗಿ ಹೇಳುವ ಸ್ಕ್ಯಾನು ಯಾರ ಹತ್ತಿರವೂ ಇಲ್ಲ. ಬಿಡಿಸಿ ಹೇಳದಿದ್ದದ್ದು ನನ್ನ ತಪ್ಪು. ಒಳ್ಳೆಯ ಸುದ್ದಿಗೆ ವಿವರ ಬೇಡ ಎಂದುಕೊಂಡೆ.

ಡಿಸೆಂಬರ್ ೧೬ರ ಸ್ಕ್ಯಾನು ಮಾತ್ರ ತಪ್ಪಿಸಬೇಡಿ. ಕ್ಯಾನ್ಸರ್ ನೋಡಲು ಮಾತ್ರವಲ್ಲ ಅದು. ಕಿಡ್ನಿಯಿಂದ ಬರುವ ನಳಿಗೆಗಳನ್ನು ಕರುಳಿಗೆ ಹೊಲಿದಿದ್ದಾರೆ. ಮೊದಲ ವರ್ಷದಲ್ಲಿ ಆ ಹೊಲಿಗೆಯ ಜಾಗ ಕಿರಿದಾಗಬಹುದು. ನೋವೇ ಇಲ್ಲದೆ ಕಿಡ್ನಿ ಹಾಳಾಗಿಬಿಡುತ್ತದೆ. ಚೀಲ ತುಂಬುತ್ತಿದೆ, ಎಲ್ಲ ಸರಿ ಇದೆ ಎಂದು ಸುಮ್ಮನಿರಬೇಡಿ.

ಅಮ್ಮನಿಗೆ ಹೇಳಿ, ಚೀಲದ ಹೊಸ ಪ್ಯಾಕೆಟ್ ಬಸ್ಸಿನಲ್ಲಿ ಕಳಿಸಿದ್ದೇನೆ.

ನಿಮ್ಮ ಮಗಳು,
ಶೀಲಾ


ನ್ಯೂಟೌನ್, ಭದ್ರಾವತಿ
೨೦ ನವೆಂಬರ್ ೨೦೨೪

ಶೀಲಾ,

ಮೂರು ಪ್ರಶ್ನೆ ಕೇಳಿದ್ದೆ, ಎರಡಕ್ಕೆ ಉತ್ತರ ಬಂದಿದೆ. ಉತ್ತರ ಚೆನ್ನಾಗಿದೆ. ಮೊದಲೆರಡನ್ನು ಇಷ್ಟು ಚೆನ್ನಾಗಿ ಬರೆದವಳು ಮೂರನೆಯದನ್ನು ಮರೆತೆ ಎಂದರೆ ನಾನು ನಂಬುವವನಲ್ಲ. ಎರಡು ಕಡೆ ಗಟ್ಟಿ ದನಿ ಬಂದು ಮೂರನೆಯ ಕಡೆ ದನಿಯೇ ಬರದ ತುಂಡನ್ನು ನಾನು ಪಕ್ಕಕ್ಕಿಡುತ್ತಿದ್ದೆ.

ಜಯಪ್ಪನ ಭಾವನಿಗೂ ಇದೇ ಕಾಯಿಲೆ. ದಾವಣಗೆರೆಯಲ್ಲಿದ್ದಾರೆ. ಕಿರಣ ಚಿಕಿತ್ಸೆ ಕೊಡಿಸಿಕೊಂಡರು, ಮೂತ್ರಕೋಶ ಇನ್ನೂ ಹೊಟ್ಟೆಯೊಳಗೇ ಇದೆ. ಎಲ್ಲರ ಹಾಗೆ ಬಚ್ಚಲಿಗೆ ಹೋಗಿ ಬರುತ್ತಾರೆ. ಈ ಸುದ್ದಿ ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಇನ್ನೊಂದು ಲೆಕ್ಕ. ಜೂನಿನಲ್ಲಿ ನನ್ನ ಆಪರೇಷನ್. ಜುಲೈನಲ್ಲಿ ನಿನ್ನನ್ನು ವಾರ್ಡಿನ ಇನ್‌ಚಾರ್ಜ್ ಮಾಡಿದರು. ನಾನು ಏನೂ ಹೇಳುತ್ತಿಲ್ಲ, ತಾರೀಖು ಮಾತ್ರ ಬರೆಯುತ್ತಿದ್ದೇನೆ.

ಮೊನ್ನೆ ಸೋಮವಾರ ನಿನ್ನ ಹತ್ತಿರ ಬರಲು ಹೊರಟಿದ್ದೆ. ಬರೆಯುವುದಕ್ಕಿಂತ ಮುಖ ನೋಡಿ ಕೇಳುವುದು ಮೇಲು ಅನ್ನಿಸಿತ್ತು. ಮಲವಗೊಪ್ಪದ ಹತ್ತಿರ ಬಸ್ಸು ರಸ್ತೆಯ ಹಂಪಿನ ಮೇಲೆ ಹಾರಿತು, ಚೀಲದ ಅಂಟು ಬಿಟ್ಟುಕೊಂಡಿತು. ಪಂಚೆ ನೆನೆಯಿತು, ಸೀಟು ನೆನೆಯಿತು. ಪಕ್ಕದ ಹೆಂಗಸು ಮಗುವನ್ನು ಎತ್ತಿಕೊಂಡು ಹಿಂದೆ ಹೋಗಿ ನಿಂತಳು. ಅಲ್ಲೇ ಇಳಿದೆ. ತಂಗುದಾಣದ ಹಿಂದೆ ಮುಕ್ಕಾಲು ಗಂಟೆ ನಿಂತಿದ್ದು ಆಟೋ ಹಿಡಿದು ವಾಪಸ್ ಬಂದೆ. ನಿನ್ನಮ್ಮನಿಗೆ ಬಸ್ಸು ಕೆಟ್ಟಿತು ಎಂದು ಹೇಳಿದ್ದೇನೆ.

ಈ ಆಪರೇಷನ್ನಿನಿಂದ ಗಂಡಸಿಗೆ ಇನ್ನೂ ಒಂದು ಹೋಗುತ್ತದೆ. ಅದನ್ನು ಮಗಳಿಗೆ ಬರೆಯುವುದಿಲ್ಲ. ನರ್ಸಾದ ನಿನಗೆ ಅದು ಮೊದಲೇ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಮೂರನೆಯ ಪ್ರಶ್ನೆಗೆ ಉತ್ತರ ಬರಲಿ.

ಇಂತಿ,
ಕೃಷ್ಣಪ್ಪ


ಸವಳಂಗ ರಸ್ತೆ, ಶಿವಮೊಗ್ಗ
೨೫ ನವೆಂಬರ್ ೨೦೨೪

ಅಪ್ಪಾ,

ಹನ್ನೊಂದು ವರ್ಷ ರಾತ್ರಿ ಪಾಳಿ ಮಾಡಿದ ಮೇಲೆ ನನ್ನನ್ನು ಇನ್‌ಚಾರ್ಜ್ ಮಾಡಿದ್ದಾರೆ. ಅದಕ್ಕೆ ನಿಮ್ಮ ಹೊಟ್ಟೆ ಕೊಯ್ಯಿಸುವ ಅಗತ್ಯ ನನಗಿರಲಿಲ್ಲ. ತಾರೀಖು ಮಾತ್ರ ಬರೆಯುತ್ತಿದ್ದೇನೆ ಎಂದು ಬರೆಯುವ ಬದಲು ಕಳ್ಳಿ ಎಂದೇ ಬರೆದಿದ್ದರೆ ಚೆನ್ನಾಗಿತ್ತು.

ಆಪರೇಷನ್ ಆದ ಮೇಲಿನ ಹನ್ನೆರಡು ದಿನವೂ ನಿಮ್ಮ ಗಾಯ ತೊಳೆದವಳು ನಾನು. ಬೇರೆ ಯಾರ ಕೈಗೂ ಕೊಡಲಿಲ್ಲ. ಅದಕ್ಕೆ ಏನು ಕಾರಣ ಹುಡುಕುತ್ತೀರೋ ಹುಡುಕಿ.

ಮಲವಗೊಪ್ಪದಿಂದ ನನಗೊಂದು ಫೋನು ಮಾಡಿದ್ದರೆ ಹತ್ತು ನಿಮಿಷದಲ್ಲಿ ಬರುತ್ತಿದ್ದೆ. ಅದೊಂದು ಸಂಗತಿ ಓದಿ ವಾರ್ಡಿನ ಸ್ಟೋರ್ ರೂಮಿನಲ್ಲಿ ಕೂತು ಅತ್ತೆ.

ಡಿಸೆಂಬರ್ ೧೬, ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಸ್ಕ್ಯಾನಿಂಗ್ ರೂಮಿನ ಬಾಗಿಲಲ್ಲಿ ನಿಂತಿರುತ್ತೇನೆ. ಬನ್ನಿ.

ಶೀಲಾ


ನ್ಯೂಟೌನ್, ಭದ್ರಾವತಿ
೧೯ ಡಿಸೆಂಬರ್ ೨೦೨೪

ಶೀಲಾ,

ಹದಿನಾರನೇ ತಾರೀಖು ನಾನು ಬರಲಿಲ್ಲ ಎಂದು ನೀನು ತಿಳಿದಿರಬಹುದು. ಬಂದಿದ್ದೆ. ನೀನು ಮಹಡಿಯ ಮೇಲೆ ಸ್ಕ್ಯಾನಿಂಗ್ ರೂಮಿನ ಬಾಗಿಲಲ್ಲಿ ನಿಂತಿದ್ದಾಗ ನಾನು ಕೆಳಗೆ ರೆಕಾರ್ಡ್ ರೂಮಿನ ಬಾಗಿಲಲ್ಲಿ ನಿಂತಿದ್ದೆ. ರೋಗಿ ಅರ್ಜಿ ಕೊಟ್ಟರೆ ಅವನ ಕಾಗದದ ನಕಲು ಕೊಡಲೇಬೇಕಂತೆ. ಕೊಟ್ಟರು.

ಆಪರೇಷನ್ನಿನ ಒಪ್ಪಿಗೆ ಪತ್ರ, ಎರಡನೇ ಪುಟ. "ಬೇರೆ ಚಿಕಿತ್ಸೆಗಳ ಬಗ್ಗೆ ರೋಗಿಗೆ ವಿವರಿಸಲಾಗಿದೆಯೇ" ಎಂಬಲ್ಲಿ "ಹೌದು" ಎಂದಿದೆ. ಅದರ ಕೆಳಗೆ ಕೈಬರಹ: "ಮೂತ್ರಕೋಶ ಉಳಿಸಿಕೊಂಡು ಕಿರಣ ಚಿಕಿತ್ಸೆ. ರೋಗಿ ನಿರಾಕರಿಸಿದ್ದಾರೆ."

ಒಂದನೇ ಕ್ಲಾಸಿನಲ್ಲಿ ಕೈ ಹಿಡಿದು ತಿದ್ದಿಸಿದವನು ನಾನು. ಈ ಅಕ್ಷರ ಯಾರದ್ದೆಂದು ನನಗೆ ಇನ್ನೊಬ್ಬರು ಹೇಳಬೇಕಾಗಿಲ್ಲ. ಸಾಕ್ಷಿಯ ಜಾಗದಲ್ಲಿ ರುಜುವೂ ನಿನ್ನದೇ.

ನಾನು ಯಾವಾಗ ನಿರಾಕರಿಸಿದೆ?

ಕೃಷ್ಣಪ್ಪ


ಭದ್ರಾವತಿ
೫ ಜನವರಿ ೨೦೨೫

ಶೀಲಾ,

ನಿಮ್ಮಮ್ಮ ಬರೀತಿರೋದು. ನಿಮ್ಮಪ್ಪ ಜಯಪ್ಪನ ಮನೆಗೆ ಹೋಗಿದಾರೆ, ಬರೋದ್ರೊಳಗೆ ಮುಗಿಸ್ಬೇಕು. ಫೋನ್ ಮಾಡಿದ್ರೆ ಯಾರ ಹತ್ರ ಮಾತಾಡಿದೆ ಅಂತ ಫೋನ್ ತೆಗ್ದು ನೋಡ್ತಾರೆ. ಈಗ ಎಲ್ಲಾದ್ರ ಮೇಲೂ ಅನುಮಾನ. ಮೊನ್ನೆ ಹಾಲು ನೀರಾಗಿದೆ ಅಂತ ಹಾಲಿನವಳ ಹತ್ರಾನೂ ಜಗಳ ಆಡಿದ್ರು.

ನೀನು ಏನು ಬರ್ದಿದೀಯ, ಏನು ಬಚ್ಚಿಟ್ಟಿದೀಯ ನನಗೆ ಗೊತ್ತಿಲ್ಲ, ನಾನು ಕೇಳಲ್ಲ. ಆದ್ರೆ ಈ ಮನೇಲಿ ಬಚ್ಚಿಟ್ಟೋಳು ನೀನೊಬ್ಬಳೇ ಅಲ್ಲ. ಮೊದಲನೇ ಸಲ ನಿಮ್ಮಪ್ಪನಿಗೆ ಮೂತ್ರದಲ್ಲಿ ಕೆಂಪು ಹೋದಾಗ ನಾನು ಬಚ್ಚಲು ತೊಳೆಯೋವಾಗ ನೋಡಿ ಕೇಳಿದೆ. "ಬೀಟ್‌ರೂಟ್ ಪಲ್ಯ ಮಾಡಿದ್ಯಲ್ಲ, ಅದೇ ಕಣೆ" ಅಂದ್ರು. ಸರಿ ಅಂದೆ. ಆಮೇಲೆ ನಾನು ಬೀಟ್‌ರೂಟ್ ತರೋದೇ ನಿಲ್ಲಿಸ್ದೆ. ಆದ್ರೂ ಕೆಂಪು ಹೋಗ್ತಿತ್ತು, ಆದ್ರೂ ಕೇಳಿದ್ರೆ ಬೀಟ್‌ರೂಟ್ ಅಂತಿದ್ರು. ಮನೇಲಿ ಬೀಟ್‌ರೂಟೇ ಇಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಎಂಟು ತಿಂಗಳು ಹಂಗೇ ನಡೀತು. ನಾನು ಬಾಯಿ ಬಿಡಲಿಲ್ಲ ಮಗಳೇ. ಆಸ್ಪತ್ರೆಗೆ ಹೋದ್ರೆ ಏನು ಹೇಳ್ತಾರೋ ಅನ್ನೋ ಹೆದರಿಕೆ ನನಗೂ ಇತ್ತು.

ಈಗ ಹೇಳೋದು ಏನಂದ್ರೆ, ಹದಿನೈದು ದಿನದಿಂದ ಎಡ ಪಕ್ಕೆ ಹಿಡ್ಕೊಂಡು ಕೂರ್ತಾರೆ. ಕೇಳಿದ್ರೆ ವಾಯು ಅಂತಾರೆ. ಅವರು ವಾಯು ಅಂದಿದ್ದು ನನಗೆ ಬೀಟ್‌ರೂಟ್ ಅಂದಂಗೇ ಕೇಳಿಸ್ತು. ಈ ಸಲ ನಾನು ಸುಮ್ಮನೆ ಇರಲ್ಲ ಅಂತ ನಿನಗೆ ಬರ್ದೆ.

ನಿಮ್ಮಮ್ಮ,
ಹುಲಿಗೆಮ್ಮ


ಸವಳಂಗ ರಸ್ತೆ, ಶಿವಮೊಗ್ಗ
೮ ಜನವರಿ ೨೦೨೫

ಅಪ್ಪಾ,

ಮೂರನೆಯ ಪ್ರಶ್ನೆಗೆ ಉತ್ತರ: ಬೇರೆ ದಾರಿ ಇತ್ತು.

ಕೀಮೋ ಮುಗಿದ ವಾರ ಡಾಕ್ಟರು ನನ್ನನ್ನು ಕರೆದು, "ಶೀಲಾ, ಗಡ್ಡೆ ಒಂದೇ ಇತ್ತು. ರೇಡಿಯೇಷನ್ ಕೊಟ್ಟು ಬ್ಲಾಡರ್ ಉಳಿಸೋಕೂ ನೋಡಬಹುದು. ನಿಮ್ಮ ತಂದೇನ ಕರ್ಕೊಂಡು ಬನ್ನಿ, ಎರಡೂ ಹೇಳ್ತೀನಿ" ಎಂದರು. "ನಾನೇ ಹೇಳ್ತೀನಿ ಸಾರ್" ಎಂದೆ. ಮರುದಿನ "ಅಪ್ಪ ಬೇಡ ಅಂದ್ರು ಸಾರ್" ಎಂದೆ. ನಾನು ಅದೇ ಆಸ್ಪತ್ರೆಯವಳು, ಮಗಳು ಬೇರೆ. ಅವರು ನಂಬಿದರು. ಫಾರಂ ತುಂಬಿದವಳು ನಾನು. ನೀವು "ಎಲ್ಲಿ ರುಜು ಹಾಕ್ಲಿ" ಎಂದಷ್ಟೇ ಕೇಳಿದಿರಿ, ನಾನು ಬೆರಳಿಟ್ಟು ತೋರಿಸಿದೆ.

ಯಾಕೆ ಮಾಡಿದೆ ಎಂದರೆ, ನನಗೆ ನಿಮ್ಮ ಮೇಲೆ ಅನುಮಾನವಿತ್ತು. ಮೂತ್ರಕೋಶ ಉಳಿಸಿಕೊಂಡರೆ ಮೂರು ಮೂರು ತಿಂಗಳಿಗೆ ಬಂದು ದುರ್ಬೀನು ಹಾಕಿಸಿಕೊಳ್ಳಬೇಕು. ಕಾಯಿಲೆ ಮರಳಿದರೆ ಕೂಡಲೇ ತೆಗೆಸಬೇಕು. ಎಂಟು ತಿಂಗಳು ರಕ್ತವನ್ನು ಬೀಟ್‌ರೂಟ್ ಎಂದುಕೊಂಡೆ ಎಂದು ಮೊದಲ ದಿನ ಡಾಕ್ಟರಿಗೆ ನೀವೇ ಹೇಳಿದ್ದನ್ನು ನಾನು ಕೇಳಿದ್ದೆ. ಅಂಥವರು ಬರುತ್ತಾರೆಯೇ? ಬರುವುದಿಲ್ಲ ಎಂದು ನಾನೊಬ್ಬಳೇ ತೀರ್ಮಾನಿಸಿದೆ. ತಡವಾಗಿ ಬಂದವರನ್ನು ನಮ್ಮ ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಅವರ ಸಾಲಿನಲ್ಲಿ ನಿಮ್ಮ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಡಿಸೆಂಬರಿನ ಸ್ಕ್ಯಾನ್ ತಪ್ಪಿಸಿ ನೀವು ನನ್ನ ಅನುಮಾನವನ್ನು ನಿಜ ಮಾಡಿದಿರಿ. ಹಾಗೆಂದು ನಾನು ಮಾಡಿದ್ದು ಸರಿಯಾಗುವುದಿಲ್ಲ. ಇವತ್ತು ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದ್ದೇನೆ. ಅವರು ನಿಮ್ಮ ಫಾರಂ ತರಿಸಿ ನೋಡಿದರು. ನನ್ನ ಮೇಲೆ ಏನು ಕ್ರಮವೋ ಗೊತ್ತಿಲ್ಲ.

ಕ್ಷಮಿಸಿ ಎಂದು ಕೇಳುವ ಕಾಗದವಲ್ಲ ಇದು. ನಿಮ್ಮ ಎಡ ಪಕ್ಕೆಯ ನೋವು ವಾಯುವಲ್ಲ. ನನ್ನನ್ನು ನಂಬಬೇಡಿ, ನಮ್ಮ ಆಸ್ಪತ್ರೆಗೂ ಬರಬೇಡಿ. ಜಯಪ್ಪ ಮಾಮನ ಜೊತೆ ಬೇರೆ ಎಲ್ಲಾದರೂ ಸ್ಕ್ಯಾನ್ ಮಾಡಿಸಿ. ರಿಪೋರ್ಟ್ ನನಗೆ ತೋರಿಸದಿದ್ದರೂ ಪರವಾಗಿಲ್ಲ. ಈ ವಾರವೇ ಹೋಗಿ.

ಒಂದು ಮಾತು ಕೇಳಲೇ? ಮೂವತ್ತೊಂದು ವರ್ಷದಲ್ಲಿ ಒಂದೇ ಸಲ ಬರೆದ ಆ ಕಾಗದದಲ್ಲಿ ನೀವು ಏನು ಬರೆದಿದ್ದಿರಿ?

ಶೀಲಾ


ಸವಳಂಗ ರಸ್ತೆ, ಶಿವಮೊಗ್ಗ
೨೯ ಜನವರಿ ೨೦೨೫

ಅಪ್ಪಾ,

ನೀವು ಕಳಿಸಿದ ಕವರಿನಲ್ಲಿ ಸ್ಕ್ಯಾನ್ ರಿಪೋರ್ಟ್ ಮಾತ್ರ ಇತ್ತು. ಜೊತೆಗೆ ಒಂದು ಸಾಲೂ ಇಲ್ಲ. ಮೂರು ಸಲ ಕವರು ಕೊಡವಿ ನೋಡಿದೆ.

ಡಾಕ್ಟರಿಗೆ ತೋರಿಸಿದೆ. ಕ್ಯಾನ್ಸರ್ ಎಲ್ಲೂ ಕಾಣುತ್ತಿಲ್ಲ. ಎಡಗಡೆಯ ನಳಿಗೆ ಹೊಲಿಗೆಯ ಜಾಗದಲ್ಲಿ ಕಿರಿದಾಗಿದೆ, ಕಿಡ್ನಿ ಊದಿದೆ. ಇನ್ನೂ ಕೆಲಸ ಮಾಡುತ್ತಿದೆ. ಬಿಟ್ಟರೆ ಹೋಗುತ್ತದೆ.

ದಾರಿ ಎರಡಿದೆ. ಒಂದು, ಬೆನ್ನಿನಿಂದ ಸೂಜಿ ಹಾಕಿ ಆ ಜಾಗವನ್ನು ಹಿಗ್ಗಿಸಿ ಒಳಗೆ ಸಣ್ಣ ನಳಿಗೆ ಇಡುವುದು. ಎರಡು ಮೂರು ದಿನದಲ್ಲಿ ಮನೆಗೆ ಬರಬಹುದು, ಆದರೆ ಮತ್ತೆ ಕಿರಿದಾಗುವುದು ಹೆಚ್ಚು. ಕೆಲವು ತಿಂಗಳಿಗೊಮ್ಮೆ ನಳಿಗೆ ಬದಲಿಸಬೇಕು. ಇನ್ನೊಂದು, ಹಳೇ ಗಾಯವನ್ನೇ ತೆರೆದು ಹೊಸದಾಗಿ ಹೊಲಿಯುವುದು. ಹೆಚ್ಚು ಕಾಲ ನಿಲ್ಲುತ್ತದೆ, ಆದರೆ ದೊಡ್ಡ ಆಪರೇಷನ್, ಅದರ ಅಪಾಯಗಳೂ ದೊಡ್ಡವು.

ಯಾವುದು ಒಳ್ಳೆಯದು ಎಂದು ನಾನು ಬರೆಯುವುದಿಲ್ಲ. ಫೆಬ್ರವರಿ ೧೦, ಸೋಮವಾರ, ಡಾಕ್ಟರು ನಿಮಗೇ ಎರಡನ್ನೂ ಹೇಳುತ್ತಾರೆ. ಇದರೊಳಗೆ ಖಾಲಿ ಒಪ್ಪಿಗೆ ಫಾರಂ ಇಟ್ಟಿದ್ದೇನೆ, ಮನೆಯಲ್ಲೇ ಓದಿಕೊಳ್ಳಿ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಇನ್‌ಚಾರ್ಜ್ ಕೆಲಸದಿಂದ ನನ್ನನ್ನು ಇಳಿಸಿದ್ದಾರೆ. ಹೋದ ವಾರದಿಂದ ಮತ್ತೆ ರಾತ್ರಿ ಪಾಳಿ, ಹಗಲೆಲ್ಲ ಬಿಡುವೇ.

ಶೀಲಾ


ನ್ಯೂಟೌನ್, ಭದ್ರಾವತಿ
೫ ಫೆಬ್ರವರಿ ೨೦೨೫

ಶೀಲಾ,

ಫಾರಂ ಓದಿದೆ. ನಾಲ್ಕು ಪುಟ. ಅರ್ಥವಾಗದ ಹನ್ನೊಂದು ಕಡೆ ಪೆನ್ಸಿಲ್ ಗುರುತು ಹಾಕಿದ್ದೇನೆ, ಡಾಕ್ಟರನ್ನು ಕೇಳುತ್ತೇನೆ. ಜಯಪ್ಪನಿಗೆ ತೋರಿಸಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಅದು ರೈಲಿನ ವ್ಯಾಗನ್ನಿಗೆ ಹೋಗುವ ತುಂಡು. ತಟ್ಟಿದಾಗ ದನಿ ಸರಿ ಬರಲಿಲ್ಲ. ಒಡೆದರೆ ಒಳಗೆ ಏನೂ ಇರಲಿಲ್ಲ, ಎಲ್ಲರೂ ನಕ್ಕರು. ನಾನು ಕಾಗದದಲ್ಲಿ ಬರೆದೆ: ದನಿಯ ಮೇಲೆ ಅನುಮಾನವಿತ್ತು, ಮತ್ತೆ ಅಂಥ ದನಿ ಬಂದರೆ ಮತ್ತೆ ಒಡೆಸುತ್ತೇನೆ. ಜನವರಿಯ ಚೂರುಗಳಲ್ಲಿ ಕ್ಯಾನ್ಸರ್ ಇದ್ದದ್ದು ನಿಜವಾದರೆ, ತೆಗೆದದ್ದು ತಪ್ಪೆಂದು ನಾನು ಹೇಳಲಾರೆ. ಆ ಸ್ಲೈಡುಗಳನ್ನು ಜಯಪ್ಪ ಬೇರೆ ಲ್ಯಾಬಿಗೆ ಕಳಿಸಿದ್ದ. ಇತ್ತು ಎಂದು ಉತ್ತರ ಬಂದಿದೆ.

ಆದರೆ ತುಂಡನ್ನು ಯಾರೂ ಕೇಳಿ ಒಡೆಯುವುದಿಲ್ಲ, ನನ್ನನ್ನು ಕೇಳಬೇಕಿತ್ತು. ಕೇಳಿದ್ದರೆ ಕಿರಣ ಎನ್ನುತ್ತಿದ್ದೆನೋ ಏನೋ. ಆಮೇಲೆ ಮೂರು ತಿಂಗಳಿಗೊಮ್ಮೆ ಬರುತ್ತಿದ್ದೆನೇ? ಅದನ್ನು ಯೋಚಿಸುತ್ತ ಎರಡು ದಿನ ಕೂತಿದ್ದೆ. ಉತ್ತರ ನನಗೂ ಗೊತ್ತಿಲ್ಲ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ಹೋಗಿದೆ ಎಂದು ಸುಳ್ಳು ಬರೆಯಲಾರೆ.

ನನ್ನ ನಿರ್ಧಾರ ಸೂಜಿಯ ದಾರಿ. ಅದು ನಿಲ್ಲದಿದ್ದರೆ ಆಮೇಲೆ ಕೊಯ್ಯಲಿ. ಡಾಕ್ಟರ ಮಾತು ಕೇಳಿ ಬದಲಿಸಿದರೂ ಬದಲಿಸಿಯೇನು. ಏನೇ ಆದರೂ ತಪ್ಪಿದರೆ ತಪ್ಪು ನನ್ನದು, ಅದರಲ್ಲಿ ಯಾರಿಗೂ ಪಾಲಿಲ್ಲ.

ಫಾರಂನಲ್ಲಿ ಸಾಕ್ಷಿಯ ಜಾಗ ಖಾಲಿ ಬಿಟ್ಟಿದ್ದೇನೆ. ನೀನು ಹೊರಗೆ ಬೆಂಚಿನ ಮೇಲೆ ಕೂರಬೇಕಾಗಿಲ್ಲ. ಒಳಗೆ ಬಂದು, ನಾನು ಬರೆದದ್ದನ್ನೆಲ್ಲ ಓದಿ ರುಜು ಹಾಕು. ಓದದೆ ಹಾಕಬೇಡ. ಈ ಮನೆಯಲ್ಲಿ ಒಬ್ಬ ಹಾಗೆ ಹಾಕಿದ್ದು ಸಾಕು.

ಇವತ್ತು ಜಾಗ ಉಳಿದಿದೆ, ಆದ್ದರಿಂದ ಕ್ಷೇಮಸಮಾಚಾರ. ಒಂದೂವರೆ ವರ್ಷದ ಮೇಲೆ ನಿನ್ನಮ್ಮ ಸಂತೆಯಿಂದ ಬೀಟ್‌ರೂಟ್ ತಂದು ಪಲ್ಯ ಮಾಡಿದಳು. ನಾನು ಏನೂ ಕೇಳಲಿಲ್ಲ, ಬಡಿಸಿದ್ದನ್ನು ತಿಂದೆ. ಸಂಜೆ ನೋಡಿದರೆ ಚೀಲ ಸ್ವಲ್ಪ ಕೆಂಪಗಿತ್ತು. ಬರಿದು ಮಾಡಲಿಲ್ಲ. ಅವಳನ್ನು ಕರೆದು ತೋರಿಸಿದೆ. ಇಬ್ಬರೂ ಬಚ್ಚಲಿನ ದೀಪದಲ್ಲಿ ನಿಂತು ನೋಡಿದೆವು.

ಈ ಸಲ ಬೀಟ್‌ರೂಟೇ ಇರಬೇಕು. ಆದರೂ ನಿನಗೆ ತಿಳಿಸಿದ್ದೇನೆ. ಸೋಮವಾರ ಬಂದಾಗ ಪರೀಕ್ಷೆ ಮಾಡಿಸು.

ಅಪ್ಪ